1400 ವ್ಯಾಟ್ ಎಂದು ಬರೆದಿದ್ದ ಬಾಕ್ಸ್: ಒಂದು ಸಬ್‌ವೂಫರ್ ಖರೀದಿಯ ಪ್ರಕರಣ

ಪ್ರಕರಣ ಇಷ್ಟು. ಪೀಣ್ಯ ಕಡೆ ಕೆಲಸ ಮಾಡುವ ನಮ್ಮ ಸಂಬಂಧಿಕರ ಹುಡುಗನೊಬ್ಬ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಹ್ಯಾಚ್‌ಬ್ಯಾಕ್ ತಗೊಂಡ. ಗಾಡಿಯಲ್ಲಿದ್ದ ಸೌಂಡ್ ಅವನಿಗೆ ಸಾಲಲಿಲ್ಲ. ಬೇಸ್ ಬೇಕು, ಎದೆಗೆ ಬಡಿಯಬೇಕು ಅನ್ನೋ ಆಸೆ. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ 12 ಇಂಚಿನ ಸಬ್‌ವೂಫರ್ ಬಾಕ್ಸ್ (ಬೇಸ್ ಮಾತ್ರ ನುಡಿಸುವ ದೊಡ್ಡ ಸ್ಪೀಕರ್) ಮತ್ತು ಅದಕ್ಕೆ ಪವರ್ ಕೊಡುವ ಒಂದು ಆಂಪ್ಲಿಫೈಯರ್ (ಆಂಪ್) ಹಾಕಿಸಿಕೊಂಡು ಬಂದ. ಬಾಕ್ಸ್ ಮೇಲೆ 1400 ವ್ಯಾಟ್ ಎಂದಿತ್ತು. ಆಂಪ್ ಮೇಲೆ 2000 ವ್ಯಾಟ್ ಎಂದಿತ್ತು. ಕೆಲವೇ ತಿಂಗಳಲ್ಲಿ ಸಬ್‌ವೂಫರ್ ಸುಟ್ಟುಹೋಯಿತು. ಕಾಯಿಲ್ (ಸ್ಪೀಕರ್ ಒಳಗಿನ ತಂತಿ ಸುರುಳಿ) ಸುಟ್ಟರೆ ವಾರಂಟಿ ಇಲ್ಲ ಎಂದರು ಅಂಗಡಿಯವರು. ಜೊತೆಗೆ ಒಂದು ಸಲಹೆಯನ್ನೂ ಕೊಟ್ಟರು: "ನಿಮ್ಮ ಟೇಸ್ಟಿಗೆ 1400 ಸಾಕಾಗಿಲ್ಲ ಸರ್, 2000ದ್ದು ಹಾಕ್ಸಿ."

ಆ ಸಲಹೆ ಕೇಳಿ ಬಂದ ಮೇಲೆ ಅವನು ನನಗೆ ಫೋನ್ ಮಾಡಿದ. ಎಲೆಕ್ಟ್ರಾನಿಕ್ಸ್ ರಿಪೇರಿ ನನ್ನ ಕಸುಬು. ಗಾಡಿ ತಗೊಂಡು ಬಾ, ಬಿಚ್ಚಿ ನೋಡೋಣ ಎಂದೆ.

ಇದನ್ನು ಪೂರ್ತಿ ಬರೆದಿಡಲು ಒಂದು ಕಾರಣವಿದೆ. ಡಬ್ಬದ ಮೇಲಿನ ವ್ಯಾಟ್ ನೋಡಿ ಗಿರಾಕಿ ಮೋಸ ಹೋಗುತ್ತಾನೆ ಅನ್ನೋ ಮಾತು ಹಳೆಯದು. ನನಗೆ ಹೇಳಬೇಕಾಗಿರುವುದು ಅದರ ಮುಂದಿನದು. ಬಿಲ್ ಕಟ್ಟಿದ ಮೇಲೂ ಆ ಸಂಖ್ಯೆ ಸುಮ್ನೆ ಕೂರುವುದಿಲ್ಲ. ಯಾವ ಆಂಪ್ ಜೋಡಿಸಬೇಕು, ಆಂಪ್ ಮೇಲಿನ ಗೇನ್ ಗುಂಡಿ ಎಲ್ಲಿಗೆ ತಿರುಗಿಸಬೇಕು, ವಾಲ್ಯೂಮ್ ಎಲ್ಲಿಯ ತನಕ ಏರಿಸಬಹುದು, ಕೆಟ್ಟರೆ ಏನು ಕಾರಣ ಎಂದು ನಂಬಬೇಕು, ಮುಂದಿನ ಸಲ ಏನು ಕೊಳ್ಳಬೇಕು, ಎಲ್ಲವನ್ನೂ ಅದೇ ತೀರ್ಮಾನಿಸುತ್ತಾ ಹೋಗುತ್ತದೆ. ಈ ಗಾಡಿಯಲ್ಲಿ ಅದು ಹೆಜ್ಜೆ ಹೆಜ್ಜೆಗೂ ಕಣ್ಣಿಗೆ ಬಿತ್ತು.

ಅಂಗಡಿಯಲ್ಲಿ ನಡೆದದ್ದು

ಹುಡುಗನ ಮುಂದೆ ಎರಡು ಬಾಕ್ಸ್ ಇಟ್ಟಿದ್ದರು. ಬೆಲೆಯಲ್ಲಿ ದೊಡ್ಡ ವ್ಯತ್ಯಾಸವಿರಲಿಲ್ಲ. ಒಂದು, ಈ 12 ಇಂಚಿನದು. ಕೋನ್ ನಡುವೆ ಬೆಳ್ಳಿ ಬಣ್ಣದಲ್ಲಿ ಬ್ರ್ಯಾಂಡ್ ಹೆಸರು, ಡಬ್ಬದ ಮೇಲೆ ಅಂಗೈ ಅಗಲದ ಅಕ್ಷರದಲ್ಲಿ 1400 ವ್ಯಾಟ್, ಅದರ ಪಕ್ಕ ಇರುವೆಯಷ್ಟು ಸಣ್ಣದಾಗಿ 'ಮ್ಯಾಕ್ಸ್'. ಇನ್ನೊಂದು 10 ಇಂಚಿನದು. ಅದರ ಮೇಲೆ ದೊಡ್ಡ ಸಂಖ್ಯೆಯೇ ಇರಲಿಲ್ಲ. '250 ವ್ಯಾಟ್ ಆರ್‌ಎಂಎಸ್' ಎಂದಷ್ಟೇ ಇತ್ತು, ಅಂದರೆ ಸತತವಾಗಿ ತಡೆಯುವ ಪವರ್.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ಅಂಗಡಿಯವರು ಎರಡನ್ನೂ ಹಾಡು ಹಾಕಿ ಕೇಳಿಸಿದ್ದರು. ಹುಡುಗನೇ ಹೇಳಿದ: "ಎರಡನೇದು ಕೇಳೋಕೆ ನೀಟಾಗಿತ್ತು. ಆದ್ರೆ 1400 ಎಲ್ಲಿ, 250 ಎಲ್ಲಿ?" ಅವನ ಕಿವಿ ಸರಿಯಾಗಿಯೇ ಹೇಳಿತ್ತು. ಅವನು ಕಿವಿಯ ಮಾತು ಬಿಟ್ಟು ಸಂಖ್ಯೆಯ ಮಾತು ಕೇಳಿದ.

ಇದು ಅವನೊಬ್ಬನ ದಡ್ಡತನ ಅಲ್ಲ. ಷಿಕಾಗೋ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಷೀ ಮತ್ತು ಜೊತೆಗಾರರು 2009ರಲ್ಲಿ ಇದರ ಬಗ್ಗೆಯೇ ಒಂದು ಸಂಶೋಧನೆ ಪ್ರಕಟಿಸಿದರು. ವಸ್ತುವನ್ನು ಜನ ಸ್ವತಃ ನೋಡಿ, ಮುಟ್ಟಿ, ಹೋಲಿಸುವ ಅವಕಾಶ ಇದ್ದಾಗಲೂ, ಪಕ್ಕದಲ್ಲಿ ಒಂದು ಸಂಖ್ಯೆ ಇಟ್ಟರೆ ಆಯ್ಕೆ ಆ ಕಡೆಗೆ ವಾಲುತ್ತದೆ ಎಂದು ತೋರಿಸಿದರು. ಅವರ ಒಂದು ಪ್ರಯೋಗ ಕ್ಯಾಮೆರಾ ಬಗ್ಗೆ. ಜನರ ಮುಂದೆ ಚಿತ್ರಗಳಿದ್ದವು, ಕಣ್ಣಿನಿಂದಲೇ ನೋಡಬಹುದಿತ್ತು. ಆದರೂ ಪಿಕ್ಸೆಲ್ ಲೆಕ್ಕವನ್ನು ದೊಡ್ಡ ಅಂತರ ಕಾಣುವ ಹಾಗೆ ಬರೆದು ತೋರಿಸಿದಾಗ ಹೆಚ್ಚು ಪಿಕ್ಸೆಲ್ಲಿನ ಕ್ಯಾಮೆರಾದ ಕಡೆಗೆ ಹೆಚ್ಚು ಜನ ಹೋದರು. ಚಿತ್ರ ಮಾತ್ರ ಅದೇ ಇತ್ತು. ಬೇಸ್ ವಿಷಯದಲ್ಲಿ ಇದು ಇನ್ನೂ ಜೋರು. ಚಿತ್ರ ಕಣ್ಣ ಮುಂದೆ ನಿಂತಿರುತ್ತದೆ. ಸೌಂಡ್ ಕೇಳಿದ ಮರುಕ್ಷಣ ಮಾಯ. ಮನೆಗೆ ಹೋಗುವ ದಾರಿಯಲ್ಲಿ ನೆನಪಿನಲ್ಲಿ ಉಳಿಯುವುದು ಸಂಖ್ಯೆಯೇ ಅಲ್ವಾ?

ಇನ್ನೊಂದು ಸಂಗತಿ. ಅಂಗಡಿಯ ಡೆಮೋ ನಡೆಯುವುದು ತೆರೆದ ಜಾಗದಲ್ಲಿ, ರಸ್ತೆಯ ಗಲಾಟೆಯ ನಡುವೆ. ಮುಚ್ಚಿದ ಕಾರಿನೊಳಗೆ ಅದೇ ಬಾಕ್ಸ್ ಬೇರೆಯದೇ ರೀತಿ ಕೇಳುತ್ತದೆ. ಕಾರು ಚಿಕ್ಕ ಜಾಗ, ಗಾಜು ಮುಚ್ಚಿದ ಜಾಗ. ಸುಮಾರು 60, 70 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳನ್ನು ಕಾರೇ ಎತ್ತಿಕೊಡುತ್ತದೆ. ಇದಕ್ಕೆ ಕ್ಯಾಬಿನ್ ಗೇನ್ ಎನ್ನುತ್ತಾರೆ. ಹ್ಯಾಚ್‌ಬ್ಯಾಕ್‌ನಲ್ಲಿ ಡಿಕ್ಕಿಗೂ ಸೀಟಿಗೂ ನಡುವೆ ಗೋಡೆ ಇಲ್ಲ, ಹಾಗಾಗಿ ಈ ಲಾಭ ನೇರವಾಗಿ ಸಿಗುತ್ತದೆ. ಬಿಟ್ಟಿ ಸಿಗುವ ಬೇಸ್ ಇದು. ಹೀಗಾಗಿ ಸಣ್ಣ ಕಾರಿಗೆ ಜನ ಅಂದುಕೊಂಡಷ್ಟು ವ್ಯಾಟ್ ಬೇಕಾಗುವುದೇ ಇಲ್ಲ. ಈ ಮಾತನ್ನು ಅಂಗಡಿಯಲ್ಲಿ ಯಾರೂ ಹೇಳಲಿಲ್ಲ.

ಅಂಗಡಿಯವರನ್ನೇ ಪೂರ್ತಿ ದೂರುವುದಕ್ಕೂ ನನಗೆ ಮನಸ್ಸಿಲ್ಲ. ಬಾಗಿಲಲ್ಲಿ ನಿಂತ ಗಿರಾಕಿಯ ಮೊದಲ ಪ್ರಶ್ನೆ "ಎಷ್ಟು ವ್ಯಾಟ್?" ಅನ್ನೋದೇ. 250 ಎಂದು ಪ್ರಾಮಾಣಿಕವಾಗಿ ಬರೆದವನ ಮಾಲು ಶೆಲ್ಫಿನಲ್ಲೇ ಕೂತರೆ, ಅವನೂ ಮುಂದಿನ ವರ್ಷ ಡಬ್ಬದ ಮೇಲೆ 1000 ಎಂದು ಅಚ್ಚು ಹಾಕಿಸುತ್ತಾನೆ. ಇದು ನಿನ್ನೆ ಮೊನ್ನೆ ಶುರುವಾದದ್ದೂ ಅಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದ ಟೂ-ಇನ್-ಒನ್ ಮತ್ತು ಮ್ಯೂಸಿಕ್ ಸಿಸ್ಟಮ್‌ಗಳ ಮುಂಭಾಗದಲ್ಲಿ ಪಿಎಂಪಿಒ ಎಂದು ಬರೆದು ಸಾವಿರಗಟ್ಟಲೆ ವ್ಯಾಟ್ ಸ್ಟಿಕ್ಕರ್ ಅಂಟಿಸಿರುತ್ತಿದ್ದರು. ಆ ಪಿಎಂಪಿಒ ಲೆಕ್ಕಕ್ಕೆ ಎಲ್ಲರೂ ಒಪ್ಪಿದ ಅಳತೆಯೇ ಇರಲಿಲ್ಲ. ಸೆಟ್ ಹಿಂದೆ ತಿರುಗಿಸಿ ನೋಡಿದರೆ ಅದು ಗೋಡೆಯ ಪ್ಲಗ್ಗಿನಿಂದ ಎಳೆಯುವ ಕರೆಂಟ್ ಎಷ್ಟು ವ್ಯಾಟ್ ಎಂದು ಸಣ್ಣ ಅಕ್ಷರದಲ್ಲಿ ಇರುತ್ತಿತ್ತು. ಅದು ಮುಂದಿನ ಸ್ಟಿಕ್ಕರಿನ ಹತ್ತಿರಕ್ಕೂ ಬರುತ್ತಿರಲಿಲ್ಲ.

1400 ಬಂದದ್ದು ಎಲ್ಲಿಂದ

ಡಬ್ಬದೊಳಗಿನ ಕೈಪಿಡಿಯನ್ನು ಹುಡುಗ ಬಿಚ್ಚಿಯೇ ಇರಲಿಲ್ಲ. ಅದರ ಒಳಪುಟದಲ್ಲಿ ಎರಡು ಸಾಲು ಇದ್ದವು. ಮ್ಯಾಕ್ಸ್ ಪವರ್ 1400 ವ್ಯಾಟ್. ನಾಮಿನಲ್ ಪವರ್, ಅಂದರೆ ಸತತವಾಗಿ ತಡೆಯುವುದು, 350 ವ್ಯಾಟ್. ಸರಿಯಾಗಿ ನಾಲ್ಕು ಪಟ್ಟು.

ಈ ನಾಲ್ಕು ಪಟ್ಟಿನಲ್ಲಿ ಅರ್ಧಕ್ಕೆ ಒಂದು ಸಮಜಾಯಿಷಿ ಇದೆ. ಸೈನ್ ಅಲೆಯ (ದುಂಡಗೆ ಏರಿಳಿಯುವ ಶುದ್ಧ ಸ್ವರದ ಅಲೆ) ತುತ್ತತುದಿಯಲ್ಲಿ ಆ ಕ್ಷಣದ ಪವರ್ ಸರಾಸರಿಗಿಂತ ಎರಡು ಪಟ್ಟು ಇರುತ್ತದೆ. 350ರ ಎರಡು ಪಟ್ಟು 700. ಅದನ್ನು ಇನ್ನೊಂದು ಸಲ ದುಪ್ಪಟ್ಟು ಮಾಡಲು, ತೀರಾ ಅಲ್ಪಕಾಲ ಸ್ಪೀಕರ್ ತಡೆದುಕೊಳ್ಳುತ್ತದೆ ಅನ್ನೋದೇ ಆಧಾರ. ಅಲ್ಪಕಾಲ ಅಂದರೆ ಎಷ್ಟು? ಅದನ್ನು ಡಬ್ಬ ಹೇಳುವುದಿಲ್ಲ.

ಕಾಲ ಎಷ್ಟು ಮುಖ್ಯ ಎಂದು ತಿಳಿಯಲು ಅಂತರರಾಷ್ಟ್ರೀಯ ಸ್ಪೀಕರ್ ಪರೀಕ್ಷಾ ಮಾನದಂಡ ಐಇಸಿ 60268-5 ನೋಡಬೇಕು. ಅದರಲ್ಲಿ ಒಂದೇ ಸ್ಪೀಕರಿಗೆ ಬೇರೆ ಬೇರೆ ಪರೀಕ್ಷೆಗಳಿವೆ. ಒಂದರಲ್ಲಿ 1 ಸೆಕೆಂಡ್ ಸಿಗ್ನಲ್ ಕೊಟ್ಟು 60 ಸೆಕೆಂಡ್ ಬಿಡುವು ಕೊಡುತ್ತಾರೆ, ಹೀಗೆ 60 ಸಲ. ಇನ್ನೊಂದರಲ್ಲಿ 1 ನಿಮಿಷ ಕೊಟ್ಟು 2 ನಿಮಿಷ ಬಿಡುವು, ಹೀಗೆ 10 ಸಲ. ಮತ್ತೊಂದರಲ್ಲಿ ಬಿಡುವೇ ಇಲ್ಲದೆ 100 ಗಂಟೆ. ಅದೇ ಸ್ಪೀಕರ್, ಅದೇ ಕಾಯಿಲ್. ಬರುವ ವ್ಯಾಟ್ ಮಾತ್ರ ಬೇರೆ ಬೇರೆ. ಯಾವ ಪರೀಕ್ಷೆ ಎಂದು ಹೇಳದೆ ಬರೀ ವ್ಯಾಟ್ ಹೇಳಿದರೆ ಗಿರಾಕಿಗೆ ಅರ್ಧ ವಿಷಯವೂ ತಿಳಿದಂತಾಗಲಿಲ್ಲ.

1400 ನಿಜವೇ ಎಂದು ಇಟ್ಟುಕೊಂಡರೂ ಸಿಗುವ ಲಾಭ ಸಣ್ಣದು. ವ್ಯಾಟ್ ದುಪ್ಪಟ್ಟಾದರೆ ಸದ್ದು ಏರುವುದು 3 ಡೆಸಿಬೆಲ್. ನಾಲ್ಕು ಪಟ್ಟಾದರೆ 6 ಡೆಸಿಬೆಲ್. ಕಿವಿಗೆ ದುಪ್ಪಟ್ಟು ಜೋರು ಅನ್ನಿಸಲು ಮಧ್ಯದ ಸ್ವರಗಳಲ್ಲಿ ಸುಮಾರು 10 ಡೆಸಿಬೆಲ್ ಬೇಕು. ಬೇಸ್‌ನಲ್ಲಿ ಅದಕ್ಕಿಂತ ಕಡಿಮೆ ಸಾಕು, ಆದರೂ ನಾಲ್ಕು ಪಟ್ಟು ವ್ಯಾಟ್ ಅಂದರೆ ನಾಲ್ಕು ಪಟ್ಟು ಸದ್ದು ಖಂಡಿತ ಅಲ್ಲ. ಹುಡುಗನ ತಲೆಯಲ್ಲಿದ್ದ ಲೆಕ್ಕ ಮಾತ್ರ ಅದೇ: 250ಕ್ಕೂ 1400ಕ್ಕೂ ಐದೂವರೆ ಪಟ್ಟು ವ್ಯತ್ಯಾಸ, ಹಾಗಾಗಿ ಐದೂವರೆ ಪಟ್ಟು ಬೇಸ್.

ಫ್ಯೂಸ್ ಹೇಳಿದ ಸತ್ಯ

ಆಂಪ್ ವಿಷಯ ಇನ್ನೂ ಕೆಟ್ಟದಾಗಿತ್ತು. 2000 ವ್ಯಾಟ್ ಆಂಪ್ ಅವನು ತಗೊಂಡದ್ದೇ 1400 ವ್ಯಾಟಿನ ಬಾಕ್ಸ್ ನೋಡಿಕೊಂಡು. "ಸ್ಪೀಕರಿಗಿಂತ ಆಂಪ್ ಸ್ವಲ್ಪ ಜಾಸ್ತಿ ಇರಬೇಕು" ಎಂದು ಯಾರೋ ಹೇಳಿದ್ದರಂತೆ. ಅಂದರೆ ಮೊದಲ ಸಂಖ್ಯೆಯೇ ಎರಡನೇ ಖರೀದಿಯನ್ನು ಆರಿಸಿತು.

ನಾನು ಮೊದಲು ನೋಡಿದ್ದು ಆಂಪ್‌ನ ಪಕ್ಕದಲ್ಲಿ ಚುಚ್ಚಿದ್ದ ಫ್ಯೂಸ್. ಹಸಿರು ಬಣ್ಣದ್ದು, 30 ಆಂಪಿಯರ್. ಒಂದೇ ಒಂದು. ಇದನ್ನು ಯಾರು ಬೇಕಾದರೂ ಅಂಗಡಿಯಲ್ಲೇ ನೋಡಬಹುದು, ಡಬ್ಬ ಬಿಚ್ಚಿದರೆ ಸಾಕು. ಎಂಜಿನ್ ಓಡುವಾಗ ಕಾರಿನ ವೋಲ್ಟೇಜ್ 14ರ ಆಸುಪಾಸು. 30 ಆಂಪಿಯರ್ ಗುಣಿಸು 14 ವೋಲ್ಟ್, 420 ವ್ಯಾಟ್. ಆ ಫ್ಯೂಸ್ ಆರಾಮಾಗಿ ಒಳಗೆ ಬಿಡುವುದೇ ಅಷ್ಟು. ಒಳಗೆ 420 ಹೋದರೆ ಹೊರಗೆ 2000 ಬರುವುದು ಹೇಗೆ? ಇದು ಹಳೆಯ ಮಾದರಿಯ ಕ್ಲಾಸ್ ಎಬಿ ಆಂಪ್. ಪೂರ್ತಿ ದುಡಿಯುವಾಗ ಒಳಗೆ ಹೋದದ್ದರಲ್ಲಿ ನೂರಕ್ಕೆ 60ರಷ್ಟು ಸ್ಪೀಕರಿಗೆ ಬರುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಹಾಗಾಗಿ ಶುದ್ಧ ಅಲೆಯಲ್ಲಿ ಹೆಚ್ಚೆಂದರೆ 250 ವ್ಯಾಟ್.

ಲೆಕ್ಕ ಸರಿಯೇ ಎಂದು ಬೆಂಚ್ ಮೇಲೆ ಇಟ್ಟು ನೋಡಿದೆ. ಸ್ಪೀಕರ್ ಜಾಗದಲ್ಲಿ 4 ಓಮ್‌ನ ದೊಡ್ಡ ರೆಸಿಸ್ಟರ್, ಒಳಗೆ 50 ಹರ್ಟ್ಸ್ ಟೋನ್, ಹೊರಗೆ ಆಸಿಲೋಸ್ಕೋಪ್. ನಿಧಾನಕ್ಕೆ ಏರಿಸಿದೆ. ಪರದೆಯ ಮೇಲೆ ಅಲೆ ದುಂಡಗೆ ಬರುತ್ತಿತ್ತು. 27 ವೋಲ್ಟ್ ಮುಟ್ಟಿದಾಗ ಅಲೆಯ ತಲೆ ಚಪ್ಪಟೆಯಾಗತೊಡಗಿತು. 27ರ ವರ್ಗ 729, ಅದನ್ನು 4ರಿಂದ ಭಾಗಿಸಿದರೆ 182. ಸ್ಟಿಕ್ಕರ್ 2000 ಎನ್ನುತ್ತದೆ. ಆಂಪ್ ಶುದ್ಧವಾಗಿ ಕೊಡುವುದು 182 ವ್ಯಾಟ್.

ನಿಜವಾಗಿಯೂ 2000 ವ್ಯಾಟ್ ಬೇಕಿದ್ದರೆ ಏನಾಗಬೇಕಿತ್ತು? ಕಡಿಮೆ ಬಿಸಿಯಾಗುವ ಒಳ್ಳೆಯ ಕ್ಲಾಸ್ ಡಿ ಆಂಪ್ ಆಗಿ ನೂರಕ್ಕೆ 80 ಕೊಟ್ಟರೂ ಬ್ಯಾಟರಿ ಕಡೆಯಿಂದ ಸುಮಾರು 180 ಆಂಪಿಯರ್ ಎಳೆಯಬೇಕು. ಇಂಥ ಸಣ್ಣ ಹ್ಯಾಚ್‌ಬ್ಯಾಕ್‌ನ ಆಲ್ಟರ್ನೇಟರ್ ಅದರ ಅರ್ಧವನ್ನೂ ಕೊಡಲಾರದು. ಹೆಬ್ಬೆರಳು ದಪ್ಪದ ವೈರ್ ಬೇಕು, ಬೇರೆ ಬ್ಯಾಟರಿ ಬೇಕು. ಇವನ ಗಾಡಿಯಲ್ಲಿ ಎಳೆದದ್ದು ಅಲ್ಯುಮಿನಿಯಂ ಮೇಲೆ ತಾಮ್ರ ಬಳಿದ ತೆಳು ವೈರ್. ಮೇಲಿನ ಪ್ಲಾಸ್ಟಿಕ್ ಮಾತ್ರ ದಪ್ಪ. ಬೇಸ್ ಬಿದ್ದಾಗಲೆಲ್ಲ ಹೆಡ್‌ಲೈಟ್ ಮಂಕಾಗುತ್ತಿತ್ತು. ಅದನ್ನು ನೋಡಿ ಹುಡುಗ ಖುಷಿಪಟ್ಟಿದ್ದ, ಆಂಪ್ ಅಷ್ಟು ಪವರ್‌ಫುಲ್ ಎಂದು.

ಅವನ ಸ್ಟೀರಿಯೋ ಮೇಲಿನ '50 ವ್ಯಾಟ್ × 4' ಕೂಡ ಇದೇ ಜಾತಿ. 14.4 ವೋಲ್ಟ್‌ನಲ್ಲಿ 4 ಓಮ್ ಸ್ಪೀಕರಿಗೆ ಆ ಚಿಪ್ ಕೊಡಬಹುದಾದ ಶುದ್ಧ ಸೈನ್ ಅಲೆ ಲೆಕ್ಕದಲ್ಲೇ 26 ವ್ಯಾಟ್ ದಾಟದು. ಅಲೆಯನ್ನು ಪೂರ್ತಿ ಚೌಕ ಮಾಡಿದರೆ ಮಾತ್ರ 52 ಬರುತ್ತದೆ. 50 ಬಂದದ್ದು ಅಲ್ಲಿಂದ. ಚೌಕ ಅಲೆಯ ಹಾಡನ್ನು ಯಾರೂ ಕೇಳಲಾರರು.

ಸುಟ್ಟದ್ದು ಹೇಗೆ

ಬಾಕ್ಸ್‌ನ ಟರ್ಮಿನಲ್‌ಗೆ ಮಲ್ಟಿಮೀಟರ್ ಹಿಡಿದೆ. 4 ಓಮ್ ಸ್ಪೀಕರ್ ಸರಿಯಿದ್ದರೆ ಮೂರೂವರೆ ಓಮ್ ಆಸುಪಾಸು ತೋರಿಸಬೇಕು. ಮೀಟರ್ ಏನೂ ತೋರಿಸಲಿಲ್ಲ, ಓಪನ್, ಅಂದರೆ ಒಳಗೆ ತಂತಿ ಕಡಿದಿದೆ. ಕೋನ್ ಮೇಲೆ ಎರಡೂ ಕೈಯಿಟ್ಟು ಮೆಲ್ಲಗೆ ಒತ್ತಿದೆ, ಒಳಗೆ ಕರಕರ ಎಂದಿತು. ಎಂಟು ಸ್ಕ್ರೂ ತೆಗೆದು ಬಾಕ್ಸಿನಿಂದ ಎತ್ತುತ್ತಿದ್ದ ಹಾಗೆ ಸುಟ್ಟ ವಾರ್ನಿಷ್ ವಾಸನೆ ಮೂಗಿಗೆ ಬಡಿಯಿತು. ಕಾಯಿಲ್ ಸುತ್ತಿದ ಕೊಳವೆ ಕಂದು ಬಣ್ಣಕ್ಕೆ ತಿರುಗಿ ಉಬ್ಬಿತ್ತು. ತಂತಿಯ ಸುತ್ತುಗಳು ಸಡಿಲಾಗಿ ಮ್ಯಾಗ್ನೆಟ್ ಗೋಡೆಗೆ ಉಜ್ಜಿದ್ದವು.

182 ವ್ಯಾಟ್ ಕೊಡುವ ಆಂಪ್, 350 ವ್ಯಾಟ್ ತಡೆಯುವ ಸ್ಪೀಕರ್. ಮತ್ತೆ ಸುಡಬಾರದಿತ್ತಲ್ಲ? ಉತ್ತರ ಆಂಪ್‌ನ ಗುಂಡಿಗಳಲ್ಲಿತ್ತು. ಗೇನ್ ಕೊನೆಯವರೆಗೆ ತಿರುಗಿತ್ತು. ಬೇಸ್ ಬೂಸ್ಟ್ +12 ಡೆಸಿಬೆಲ್‌ನಲ್ಲಿತ್ತು. ಯಾಕೆ ಎಂದು ಕೇಳಿದೆ. "2000 ವ್ಯಾಟ್ ಆಂಪ್ ಅಲ್ವಾ, ಪೂರ್ತಿ ಬರಲಿ ಅಂತ. ಸ್ಪೀಕರೂ 1400 ತಡೀತದೆ ಅಂತ ಇತ್ತಲ್ಲ."

ಈ ಉತ್ತರವೇ ಪ್ರಕರಣದ ತಿರುಳು. ಅವನು ಅಜಾಗರೂಕನಾಗಿರಲಿಲ್ಲ. ಡಬ್ಬದ ಸಂಖ್ಯೆಯನ್ನು ನಂಬಿ, ಅದರ ಒಳಗೇ ಇದ್ದೇನೆ ಎಂದುಕೊಂಡಿದ್ದ. 1400ರ ಜಾಗದಲ್ಲಿ 350 ಎಂದು ದೊಡ್ಡದಾಗಿ ಬರೆದಿದ್ದರೆ ಅವನ ಕೈ ಆ ಗುಂಡಿಯ ಮೇಲೆ ಹಾಗೆ ಹೋಗುತ್ತಿರಲಿಲ್ಲ.

ಗೇನ್ ಅಂದರೆ ವಾಲ್ಯೂಮ್ ಅಲ್ಲ. ಸ್ಟೀರಿಯೋದಿಂದ ಎಷ್ಟು ವೋಲ್ಟ್ ಬಂದಾಗ ಆಂಪ್ ತನ್ನ ತುದಿ ಮುಟ್ಟಬೇಕು ಎಂದು ಹೊಂದಿಸುವ ಗುಂಡಿ ಅದು. ಕೊನೆಯವರೆಗೆ ತಿರುಗಿಸಿದರೆ 0.2 ವೋಲ್ಟ್‌ಗೇ ಆಂಪ್ ಪೂರ್ತಿ ತೆರೆದುಕೊಳ್ಳುತ್ತದೆ. ಇವನ ಸ್ಟೀರಿಯೋ 2 ವೋಲ್ಟ್ ತನಕ ಕೊಡುತ್ತದೆ. ಅಂದರೆ ಹತ್ತನೇ ಒಂದು ಭಾಗದಲ್ಲೇ ಆಂಪ್ ತುದಿ ಮುಟ್ಟಿರುತ್ತದೆ, ಅಲ್ಲಿಂದ ಮೇಲೆ ಬರುವುದೆಲ್ಲ ಚಪ್ಪಟೆ ಅಲೆ. ಇದರ ಮೇಲೆ ಬೇಸ್ ಬೂಸ್ಟ್. +12 ಡೆಸಿಬೆಲ್ ಅಂದರೆ ಆ ಸ್ವರದಲ್ಲಿ ಸುಮಾರು 16 ಪಟ್ಟು ಪವರ್ ಕೇಳಿದ ಹಾಗೆ. ಆಂಪ್ ಹತ್ತಿರ ಅದು ಇಲ್ಲ, ಹಾಗಾಗಿ ಅಲೆ ಇನ್ನಷ್ಟು ಚೌಕವಾಗುತ್ತದೆ. ಒಂದೇ ಎತ್ತರದ ಸೈನ್ ಅಲೆಗಿಂತ ಚೌಕ ಅಲೆಯಲ್ಲಿ ಎರಡು ಪಟ್ಟು ಪವರ್ ಇರುತ್ತದೆ. 182ರ ಎರಡು ಪಟ್ಟು 364. ನೋಡಿ, 350 ದಾಟಿತು. ಇಂಥ ಸಣ್ಣ ಹೆಚ್ಚಳಕ್ಕೆ ಫ್ಯೂಸ್ ತಕ್ಷಣ ಹಾರುವುದೂ ಇಲ್ಲ. ಡಿಜೆ ಹಾಡುಗಳಲ್ಲಿ ಬೇಸ್‌ಗೆ ಬಿಡುವೂ ಕಡಿಮೆ.

ಆ ಪವರ್ ಎಲ್ಲ ಎಲ್ಲಿಗೆ ಹೋಗುತ್ತದೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. 1 ವ್ಯಾಟ್‌ಗೆ 1 ಮೀಟರ್ ದೂರದಲ್ಲಿ 90 ಡೆಸಿಬೆಲ್ ಕೊಡುವ ಸ್ಪೀಕರ್ ಕೂಡ ತಾನು ತಿಂದದ್ದರಲ್ಲಿ ನೂರಕ್ಕೆ ಒಂದು ಭಾಗವನ್ನೂ ಸದ್ದಾಗಿ ಮಾಡುವುದಿಲ್ಲ. 99ಕ್ಕೂ ಹೆಚ್ಚು ಕಾಯಿಲ್‌ನಲ್ಲಿ ಬಿಸಿಯಾಗಿ ಉಳಿಯುತ್ತದೆ. ನಮ್ಮ ಬೆಂಚಿನ ಸೋಲ್ಡರಿಂಗ್ ಐರನ್ 25 ವ್ಯಾಟ್‌ನದು, ಸೀಸ ಕರಗಿಸುತ್ತದೆ. ಇಲ್ಲಿ ಮುಚ್ಚಿದ ಬಾಕ್ಸಿನೊಳಗೆ, ಬಿಸಿಲಲ್ಲಿ ನಿಂತ ಡಿಕ್ಕಿಯಲ್ಲಿ, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಕಾಯಿಲ್ ಮೇಲೆ ಅದರ ಹತ್ತು ಪಟ್ಟಿಗೂ ಮೀರಿದ ಬಿಸಿ. ತಾಮ್ರ ಬಿಸಿಯಾದಂತೆ ಅದರ ರೆಸಿಸ್ಟೆನ್ಸ್ ಏರುತ್ತದೆ, ಪ್ರತಿ ಡಿಗ್ರಿಗೆ ನೂರಕ್ಕೆ 0.39. ಉಷ್ಣತೆ 200 ಡಿಗ್ರಿ ಏರಿದರೆ ರೆಸಿಸ್ಟೆನ್ಸ್ ಮುಕ್ಕಾಲು ಪಾಲಿಗಿಂತ ಜಾಸ್ತಿ ಹೆಚ್ಚುತ್ತದೆ, ಸದ್ದು ಎರಡೂವರೆ ಡೆಸಿಬೆಲ್ ಇಳಿಯುತ್ತದೆ. ಸದ್ದು ಇಳಿದಾಗ ಹುಡುಗ ಮಾಡಿದ್ದೇನು? ವಾಲ್ಯೂಮ್ ಏರಿಸಿದ. 1400ರಲ್ಲಿ ಇನ್ನೂ ಬೇಕಾದಷ್ಟು ಬಾಕಿ ಇದೆ ಎಂದು ನಂಬಿದವನು ಬೇರೇನು ಮಾಡುತ್ತಾನೆ?

ಅದೇ ಆಂಪ್, ಬೇರೆ ಬಾಕ್ಸ್

ಅವನಿಗೆ ನಾನು ಹೇಳಿದ್ದು ಇಷ್ಟೇ: ಆಂಪ್ ಇರಲಿ, ನೀನು ಬಿಟ್ಟು ಬಂದ ಆ 250ರ ಬಾಕ್ಸ್ ತಗೋ. ಅವನಿಗೆ ಸಮಾಧಾನವಾಗಲಿಲ್ಲ. 1400 ಸುಟ್ಟ ಜಾಗದಲ್ಲಿ 250 ನಿಲ್ಲುತ್ತದಾ? ಎಂದ. ಎಲ್ಲ ಅಳತೆ ಕಣ್ಣಾರೆ ನೋಡಿದ ಮೇಲೂ ಈ ಪ್ರಶ್ನೆ ಬಂತು. ಆ ಸಂಖ್ಯೆಯ ಹಿಡಿತ ಅಷ್ಟಿರುತ್ತದೆ.

ಎರಡೂ ಕೈಪಿಡಿ ಪಕ್ಕಪಕ್ಕ ಇಟ್ಟು ತೋರಿಸಿದೆ. ಸಬ್‌ವೂಫರ್ ಮಾಡುವ ಕೆಲಸ ಗಾಳಿ ತಳ್ಳುವುದು. ಕೋನ್ ಎಷ್ಟು ಅಗಲ, ಅದು ಎಷ್ಟು ದೂರ ಮುಂದೆ ಹಿಂದೆ ಹೋಗಬಲ್ಲದು, ಎರಡನ್ನೂ ಗುಣಿಸಬೇಕು. ಹಳೆಯ 12 ಇಂಚಿನದರ ಕೋನ್ ಸುಮಾರು 480 ಚದರ ಸೆಂಟಿಮೀಟರ್, ಸರಿಯಾಗಿ ಚಲಿಸುವ ದೂರ ಒಂದು ಕಡೆಗೆ 6 ಮಿಲಿಮೀಟರ್. ಗುಣಿಸಿದರೆ 288 ಘನ ಸೆಂಟಿಮೀಟರ್ ಗಾಳಿ. 10 ಇಂಚಿನದರ ಕೋನ್ 330, ಚಲಿಸುವ ದೂರ 12 ಮಿಲಿಮೀಟರ್. 396 ಆಯಿತು. ಚಿಕ್ಕ ಸ್ಪೀಕರ್ ದೊಡ್ಡದಕ್ಕಿಂತ ಮೂರನೇ ಒಂದು ಪಾಲಿಗೂ ಮೀರಿ ಹೆಚ್ಚು ಗಾಳಿ ತಳ್ಳುತ್ತದೆ. ಸ್ವರ ಕೆಳಗಿಳಿದಷ್ಟೂ ಕೋನ್ ದೂರ ಹೋಗಬೇಕು. ಒಂದು ಆಕ್ಟೇವ್ ಕೆಳಗೆ, ಅಂದರೆ ಹರ್ಟ್ಸ್ ಅರ್ಧವಾದಾಗ, ಅಷ್ಟೇ ಸದ್ದಿಗೆ ನಾಲ್ಕು ಪಟ್ಟು ದೂರ. ಹಾಗಾಗಿ 6 ಮಿಲಿಮೀಟರ್ ಸ್ಪೀಕರ್ ಆಳದ ಬೇಸ್‌ನಲ್ಲಿ 350 ವ್ಯಾಟ್ ಕಾಣುವ ಮೊದಲೇ ತನ್ನ ಮಿತಿ ಮುಟ್ಟಿರುತ್ತದೆ. 1400ರ ಮಾತು ದೂರವೇ ಉಳಿಯಿತು. ಈ ಎರಡು ಅಳತೆ ಯಾವ ಡಬ್ಬದ ಮುಂಭಾಗದಲ್ಲೂ ಇರಲಿಲ್ಲ.

ಹೊಸ ಬಾಕ್ಸ್ ಕೂರಿಸುವ ಮೊದಲು ವೈರ್ ಬದಲಿಸಿದೆವು, ಪೂರ್ತಿ ತಾಮ್ರದ್ದು. ಬೇಸ್ ಬೂಸ್ಟ್ ಸೊನ್ನೆ. ಮೇಲಿನ ಸ್ವರಗಳನ್ನು ತಡೆಯುವ ಲೋ ಪಾಸ್ ಫಿಲ್ಟರ್ 80 ಹರ್ಟ್ಸ್. ಗೇನ್ ಹೊಂದಿಸಲು ಸ್ಪೀಕರ್ ವೈರ್ ಬಿಚ್ಚಿ, 50 ಹರ್ಟ್ಸ್‌ನ ಟೋನ್ ಫೈಲ್ ಹಾಕಿ, ಸ್ಟೀರಿಯೋ ವಾಲ್ಯೂಮ್ ಮುಕ್ಕಾಲಿಗೆ ಇಟ್ಟು, ಆಂಪ್ ಔಟ್‌ಪುಟ್‌ನಲ್ಲಿ ಮಲ್ಟಿಮೀಟರ್ ಹಿಡಿದು, 25 ವೋಲ್ಟ್ ಬರುವ ತನಕ ಮಾತ್ರ ತಿರುಗಿಸಿದೆ. 25ರ ವರ್ಗವನ್ನು 4ರಿಂದ ಭಾಗಿಸಿದರೆ 156 ವ್ಯಾಟ್. ಗುಂಡಿ ನಿಂತದ್ದು ಅರ್ಧಕ್ಕಿಂತ ಕೆಳಗೆ. ಮನೆಯಲ್ಲಿ ಸಾಧಾರಣ ಮಲ್ಟಿಮೀಟರ್ ಇದ್ದರೆ ಇದನ್ನು ಯಾರು ಬೇಕಾದರೂ ಮಾಡಿಕೊಳ್ಳಬಹುದು, ಎಸಿ ವೋಲ್ಟ್‌ನಲ್ಲಿ ಇಟ್ಟುಕೊಳ್ಳಬೇಕು ಅಷ್ಟೆ.

ಗಾಜು ಏರಿಸಿ ಹಾಡು ಹಾಕಿದೆವು. ಹುಡುಗ ಏನೂ ಹೇಳದೆ ಹಿಂದಿನ ಸೀಟಿಗೆ ಹೋಗಿ ಕೂತು, ಅದೇ ಹಾಡನ್ನು ಮತ್ತೆ ಹಾಕಿಸಿದ. ತವಿಲ್‌ನ ಎಡಗೈ ಪೆಟ್ಟು ಬೇರೆ, ಬಾಸ್ ಗಿಟಾರ್ ಬೇರೆ ಎಂದು ಬಿಡಿಬಿಡಿಯಾಗಿ ಕೇಳುತ್ತಿತ್ತು. ಮೊದಲಿನದರಲ್ಲಿ ಎಲ್ಲ ಸೇರಿ ಒಂದೇ 'ಗುಂ' ಆಗಿತ್ತು. ಹೆಡ್‌ಲೈಟ್ ಮಂಕಾಗಲಿಲ್ಲ.

ಇದಕ್ಕೆ ನಿಯಮ ಇಲ್ಲವಾ?

ಅಮೆರಿಕದಲ್ಲಿ ಇದೇ ವ್ಯಾಟ್ ಪೈಪೋಟಿ ಮಿತಿಮೀರಿದಾಗ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ಆಂಪ್ಲಿಫೈಯರ್ ನಿಯಮ ತಂದಿತು. 2024ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿ, 8 ಓಮ್ ಲೋಡ್, 20ರಿಂದ 20,000 ಹರ್ಟ್ಸ್, ಅಲೆಯ ವಿರೂಪಕ್ಕೆ (ಡಿಸ್ಟಾರ್ಷನ್) ಒಂದು ಮಿತಿ ಎಂದು ಅಳತೆಯ ಷರತ್ತನ್ನೂ ಗಟ್ಟಿ ಮಾಡಿದರು. ಆದರೆ ಅದು ಮನೆಯ ಆಡಿಯೋಗೆ ಮಾತ್ರ. ಕಾರು ಅದರ ಹೊರಗೇ ಉಳಿಯಿತು. ಕಾರ್ ಆಡಿಯೋದವರು ತಾವೇ ಸೇರಿ 2003ರಲ್ಲಿ ಸಿಇಎ-2006 ಎಂಬ ಮಾನದಂಡ ಮಾಡಿಕೊಂಡರು. 14.4 ವೋಲ್ಟ್, 4 ಓಮ್, ಶೇಕಡಾ 1ಕ್ಕಿಂತ ಹೆಚ್ಚು ವಿರೂಪ ಇಲ್ಲದಂತೆ ಅಳೆಯಬೇಕು. ಅದಕ್ಕೆ ಒಪ್ಪಿದ ಆಂಪ್ ಮೇಲೆ ಅದರ ಗುರುತು ಇರುತ್ತದೆ. ಈಗ ಅದು ಸಿಟಿಎ-2006 ಹೆಸರಿನಲ್ಲಿದೆ. ಒಪ್ಪುವುದು ಬಿಡುವುದು ಕಂಪನಿಯ ಇಷ್ಟ. ಈ ಹುಡುಗನ ಆಂಪ್ ಮೇಲೆ ಅಂಥ ಗುರುತು ಇರಲಿಲ್ಲ.

ನಮ್ಮಲ್ಲಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ವಸ್ತುವಿನ ಬಗ್ಗೆ ಸುಳ್ಳು ವಿವರ ಕೊಟ್ಟರೆ ಅದು ದಾರಿ ತಪ್ಪಿಸುವ ಜಾಹೀರಾತು ಎಂದು ಆ ಕಾಯ್ದೆ ಹೇಳುತ್ತದೆ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ನಾವು ಕೂತು ಯೋಚಿಸಿದೆವು. ಸಬ್‌ವೂಫರ್ ವಿಷಯದಲ್ಲಿ ಕೇಸ್ ತೆಳು. 'ಮ್ಯಾಕ್ಸ್' ಎಂದು ಸಣ್ಣದಾಗಿಯಾದರೂ ಬರೆದಿದ್ದಾರೆ, ಕೈಪಿಡಿಯಲ್ಲಿ 350 ಇದೆ, ಗೇನ್ ಪೂರ್ತಿ ತಿರುಗಿಸಿದ್ದು ಗಿರಾಕಿ. ಆಂಪ್ ವಿಷಯ ಬೇರೆ. ಅದರ ಡಬ್ಬದಲ್ಲಾಗಲಿ ಕಾಗದದಲ್ಲಾಗಲಿ 2000 ಬಿಟ್ಟು ಬೇರೆ ಪವರ್ ಸಂಖ್ಯೆಯೇ ಇಲ್ಲ. 30 ಆಂಪಿಯರ್ ಫ್ಯೂಸ್ ಹಾಕಿ 2000 ವ್ಯಾಟ್ ಎಂದು ಮಾರುವುದಕ್ಕೆ ಯಾವ ಸಮಜಾಯಿಷಿಯೂ ನಿಲ್ಲುವುದಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಬಿಲ್, ಡಬ್ಬದ ಫೋಟೋ, ಫ್ಯೂಸ್ ಫೋಟೋ, ಸ್ಕೋಪ್ ಪರದೆಯ ಫೋಟೋ ಎಲ್ಲ ಇಟ್ಟುಕೊಂಡು ಹುಡುಗ ಮೊದಲು ಅಂಗಡಿಗೇ ಹೋದ. ಅವರು ಜಗಳ ಮಾಡಲಿಲ್ಲ. ಆಂಪ್ ವಾಪಸ್ ತಂದರೆ ಕೊಟ್ಟ ದುಡ್ಡಿನಲ್ಲಿ ಒಂದು ಭಾಗ ಹಿಂದಿರುಗಿಸುತ್ತೇವೆ ಎಂದರು. ಅವನು ಬೇಡ ಎಂದು ಬಂದ. ಇನ್ನೊಂದು ತಗೊಂಡರೆ ಅದರ ಮೇಲೂ ಏನು ಬರೆದಿರುತ್ತಾರೋ, ಇದಾದರೆ 182 ಎಂದು ಅಳೆದು ಗೊತ್ತಿದೆ, ಆ ಲೆಕ್ಕಕ್ಕೆ ಇದು ಒಳ್ಳೆಯ ಆಂಪೇ ಎಂದ. ಸ್ಟಿಕ್ಕರ್ ಬಗ್ಗೆ ದೂರು ಮಾತ್ರ ಕೊಡುವುದಾಗಿ ಹೇಳಿ, ಬಿಲ್‌ನ ನಕಲು ನನ್ನ ಹತ್ತಿರ ಬಿಟ್ಟು ಹೋಗಿದ್ದಾನೆ.